ಹೊಟ್ಟೆ ಅರೆಯದಿದ್ದರೆ ಹೊರಗೇ ಅರೆದು ಕೊಡಿ: ಗ್ಯಾಸ್ಟ್ರೋಪರೇಸಿಸ್ ಇರುವವರಿಗೆ ದಿನದಿನದ ಮಾರ್ಗದರ್ಶಿ

ಬೆಳಿಗ್ಗೆ ಎಂಟಕ್ಕೆ ತಿಂದದ್ದು ಸಂಜೆ ನಾಲ್ಕಕ್ಕೆ ವಾಂತಿಯಾಗುತ್ತದೆ. ನೋಡಿದರೆ ಕ್ಯಾರೆಟ್ ತುಂಡು ತಿಂದಾಗ ಹೇಗಿತ್ತೋ ಹಾಗೇ ಇದೆ. ಎಂಟು ಗಂಟೆ ಹೊಟ್ಟೆಯಲ್ಲಿದ್ದರೂ ಅದು ಮುಂದಕ್ಕೆ ಹೋಗಿಲ್ಲ. ಗ್ಯಾಸ್ಟ್ರೋಪರೇಸಿಸ್ ಎಂದರೆ ಇದೇ. ದಾರಿಯಲ್ಲಿ ಗಡ್ಡೆಯಾಗಲಿ ಕಟ್ಟಾಗಲಿ ಇರುವುದಿಲ್ಲ, ಆದರೂ ಜಠರ ಊಟವನ್ನು ಹೊತ್ತಿಗೆ ಸರಿಯಾಗಿ ಕರುಳಿಗೆ ದಾಟಿಸುವುದಿಲ್ಲ. ನಾಲ್ಕು ತುತ್ತಿಗೇ ಹೊಟ್ಟೆ ತುಂಬುವುದು, ಉಂಡು ಗಂಟೆಗಟ್ಟಲೆ ಕಳೆದರೂ ಭಾರ ಇಳಿಯದಿರುವುದು, ವಾಕರಿಕೆ, ವಾಂತಿ, ಉಬ್ಬರ, ಹೊಟ್ಟೆಯ ಮೇಲ್ಭಾಗದಲ್ಲಿ ನೋವು ಇದರ ಲಕ್ಷಣಗಳು.

ಹೆಚ್ಚಿನವರಿಗೆ ಇದು ಒಂದೆರಡು ವಾರದಲ್ಲಿ ವಾಸಿಯಾಗುವ ಕಾಯಿಲೆಯಲ್ಲ. ಆದರೆ ಊಟದ ರೂಪ ಬದಲಿಸಿದರೆ ದಿನಗಳು ಎಷ್ಟೋ ಹಗುರಾಗುತ್ತವೆ. ಏನು ತಿನ್ನಬೇಕು ಎಂಬ ಪಟ್ಟಿ ಎಲ್ಲರಿಗೂ ಸಿಗುತ್ತದೆ. ಅದನ್ನು ಎಷ್ಟು ನುಣ್ಣಗೆ ಮಾಡಿಕೊಂಡು ತಿನ್ನಬೇಕು ಎಂಬುದನ್ನು ಹೇಳುವವರು ಕಡಿಮೆ. ಈ ಲೇಖನದ ದೊಡ್ಡ ಪಾಲು ಅದಕ್ಕೇ ಮೀಸಲು.

ಜಠರದ ಕೆಲಸ ಯಾವುದು, ಎಲ್ಲಿ ತಪ್ಪುತ್ತದೆ

ಆರೋಗ್ಯವಾಗಿರುವ ಜಠರದ ಕೆಳಭಾಗ ನಿಮಿಷಕ್ಕೆ ಸುಮಾರು 3 ಸಲ ಹಿಂಡುತ್ತದೆ. ಹಿಂಡಿ ಹಿಂಡಿ ಆಹಾರವನ್ನು 1–2 ಮಿ.ಮೀ. ಗಾತ್ರಕ್ಕೆ ಅರೆಯುತ್ತದೆ. ಪೈಲೋರಸ್ ಎಂಬ ಕೆಳಬಾಗಿಲು ಅಷ್ಟು ಸಣ್ಣಗಾದದ್ದನ್ನು ಮಾತ್ರ ಸ್ವಲ್ಪಸ್ವಲ್ಪವೇ ಹೊರಗೆ ಬಿಡುತ್ತದೆ. ಎಷ್ಟು ಅರೆದರೂ ನುಣ್ಣಗಾಗದ ಸಿಪ್ಪೆ, ಬೀಜ, ನಾರು ಹಿಂದೆ ಉಳಿಯುತ್ತವೆ. ಊಟದ ಕೆಲಸ ಮುಗಿದ ಮೇಲೆ ಸುಮಾರು 90ರಿಂದ 120 ನಿಮಿಷಕ್ಕೊಮ್ಮೆ ಏಳುವ ಬಲವಾದ ಅಲೆಯೊಂದು ಅವನ್ನು ಕಸಬರಿಗೆಯಂತೆ ಗುಡಿಸಿ ಹಾಕುತ್ತದೆ.

ಈ ಕೆಲಸವನ್ನೆಲ್ಲ ನಡೆಸುವುದು ಮಿದುಳಿನಿಂದ ಹೊಟ್ಟೆಗೆ ಇಳಿಯುವ ವೇಗಸ್ ನರ ಮತ್ತು ಜಠರದ ಗೋಡೆಯಲ್ಲೇ ಇದ್ದು ತಾಳ ಹಾಕುವ ಜೀವಕೋಶಗಳು. ಬಹುಕಾಲದ ಸಕ್ಕರೆ ಕಾಯಿಲೆ, ಹೊಟ್ಟೆಯ ಅಥವಾ ಅನ್ನನಾಳದ ಶಸ್ತ್ರಚಿಕಿತ್ಸೆ, ಕೆಲವೊಮ್ಮೆ ಒಂದು ವೈರಸ್ ಸೋಂಕು ಇವುಗಳಿಗೆ ಪೆಟ್ಟು ಕೊಡುತ್ತದೆ. ಬಹಳ ಜನರಲ್ಲಿ ಕಾರಣವೇ ಸಿಗುವುದಿಲ್ಲ. ಸಿಗಲಿಲ್ಲವೆಂದ ಮಾತ್ರಕ್ಕೆ ಇದು ಮನಸ್ಸಿನ ಭ್ರಮೆ ಎಂದು ಯಾರೂ ತಳ್ಳಿಹಾಕಬಾರದು.

ಅರೆಯುವ ಶಕ್ತಿ ಕುಂದಿದವರಲ್ಲೂ ದ್ರವ ಸಾಮಾನ್ಯವಾಗಿ ಚೆನ್ನಾಗಿಯೇ ದಾಟುತ್ತದೆ, ಏಕೆಂದರೆ ಅದನ್ನು ಅರೆಯಬೇಕಾಗಿಲ್ಲ. ಮುಂದೆ ಹೇಳುವ ಎಲ್ಲದರ ಬೇರು ಇಲ್ಲಿದೆ.

ಮೊದಲ ಹೆಜ್ಜೆ: ರೋಗ ಖಚಿತವಾಗಲಿ

ಲಕ್ಷಣ ನೋಡಿ ಇದೇ ಎಂದು ತೀರ್ಮಾನಿಸಲು ಬರುವುದಿಲ್ಲ. ಹುಣ್ಣು, ಕರುಳಿನ ಅಡಚಣೆ, ಗಾಂಜಾ ಸೇವನೆಯಿಂದ ಬರುವ ವಾಂತಿ ಎಲ್ಲವೂ ಹೀಗೇ ಕಾಣಬಹುದು. ಮೊದಲು ಎಂಡೋಸ್ಕೋಪಿ (ಬಾಯಿಯಿಂದ ಕ್ಯಾಮೆರಾ ಇರುವ ನಳಿಕೆ ಇಳಿಸಿ ನೋಡುವುದು) ಮಾಡಿ ಅಡಚಣೆ ಇಲ್ಲವೆಂದು ನೋಡುತ್ತಾರೆ. ಆಮೇಲೆ ಜಠರ ಬರಿದಾಗುವ ವೇಗ ಅಳೆಯುವ ಸ್ಕ್ಯಾನ್. ಅಲ್ಪ ಪ್ರಮಾಣದ ವಿಕಿರಣ ಪದಾರ್ಥ ಬೆರೆಸಿದ ಮೊಟ್ಟೆಯ ಬಿಳಿ, ಎರಡು ಹೋಳು ಬ್ರೆಡ್, ಜಾಮ್ ಮತ್ತು ಸ್ವಲ್ಪ ನೀರು ಕೊಟ್ಟು, ತಿಂದ ಕೂಡಲೇ ಒಮ್ಮೆ, ನಂತರ 1, 2 ಮತ್ತು 4 ಗಂಟೆಗೆ ಚಿತ್ರ ತೆಗೆಯುತ್ತಾರೆ. 4 ಗಂಟೆಯ ಹೊತ್ತಿಗೆ ಶೇ. 10ಕ್ಕಿಂತ ಹೆಚ್ಚು ಉಳಿದಿದ್ದರೆ ಜಠರ ನಿಧಾನ ಎಂದು ಅರ್ಥ. ಒಂದೋ ಎರಡೋ ಗಂಟೆಗೇ ನಿಲ್ಲಿಸಿದ ಪರೀಕ್ಷೆಯನ್ನು ನೆಚ್ಚಬೇಡಿ. ಕೆಲವರಲ್ಲಿ ದೋಷ ಕಾಣುವುದೇ ನಾಲ್ಕನೇ ಗಂಟೆಯಲ್ಲಿ.

ಪರೀಕ್ಷೆ ಕೆಡುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಜಠರವನ್ನು ನಿಧಾನ ಮಾಡುವ ಅಥವಾ ಚುರುಕು ಮಾಡುವ ಮಾತ್ರೆಗಳನ್ನು 48ರಿಂದ 72 ಗಂಟೆ ಮೊದಲೇ ನಿಲ್ಲಿಸಿರಬೇಕು, ಅದೂ ವೈದ್ಯರನ್ನು ಕೇಳಿಯೇ. ಎರಡನೆಯದು ರಕ್ತದ ಸಕ್ಕರೆ. ಅದು 275 ಮಿ.ಗ್ರಾಂ ದಾಟಿದ್ದರೆ ಸಕ್ಕರೆಯೇ ಜಠರವನ್ನು ನಿಧಾನ ಮಾಡಿ ತಪ್ಪು ಉತ್ತರ ಬರುತ್ತದೆ. ಇನ್ನೊಂದು ಮಾತು: ವರದಿಯ ಶೇಕಡಾವಾರು ಅಂಕಿಗೂ ನೀವು ಪಡುವ ಕಷ್ಟಕ್ಕೂ ಅಷ್ಟಾಗಿ ಹೊಂದಿಕೆ ಇರುವುದಿಲ್ಲ. ಶೇ. 15 ಉಳಿದವರು ಹಾಸಿಗೆ ಹಿಡಿದಿರಬಹುದು, ಶೇ. 40 ಉಳಿದವರು ಕೆಲಸಕ್ಕೆ ಹೋಗುತ್ತಿರಬಹುದು.

ಎರಡನೆಯ ಹೆಜ್ಜೆ: ಮನೆಯಲ್ಲಿರುವ ಎಲ್ಲ ಮಾತ್ರೆ ಮೇಜಿನ ಮೇಲಿಡಿ

ಊಟ ಬದಲಿಸುವ ಮೊದಲೇ ಇದನ್ನು ಮಾಡಿ. ಅಫೀಮು ವರ್ಗದ ನೋವಿನ ಮಾತ್ರೆಗಳಾದ ಟ್ರಮಡಾಲ್, ಕೋಡೀನ್, ಮಾರ್ಫಿನ್; ಖಿನ್ನತೆಗೆ, ನರನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್; ಹೊಟ್ಟೆ ಸೆಳೆತಕ್ಕೆ ಅಥವಾ ಮೂತ್ರದ ಅವಸರಕ್ಕೆ ಕೊಡುವ ಕೆಲವು ಔಷಧ, ತೂಕ ಇಳಿಸಲು ಮತ್ತು ಸಕ್ಕರೆಗೆ ಕೊಡುವ ಸೆಮಾಗ್ಲುಟೈಡ್, ಲಿರಾಗ್ಲುಟೈಡ್ ಚುಚ್ಚುಮದ್ದು. ಇವೆಲ್ಲ ಜಠರವನ್ನು ನಿಧಾನ ಮಾಡುತ್ತವೆ. ಪಟ್ಟಿ ಬರೆದು ವೈದ್ಯರ ಮುಂದಿಡಿ, ನೀವಾಗಿ ಯಾವುದನ್ನೂ ನಿಲ್ಲಿಸಬೇಡಿ. ಹೊಟ್ಟೆನೋವಿಗೆಂದು ಟ್ರಮಡಾಲ್ ನುಂಗುವುದು, ಅದರಿಂದ ಜಠರ ಇನ್ನಷ್ಟು ಮಂದವಾಗುವುದು, ನೋವು ಹೆಚ್ಚಿ ಮತ್ತೊಂದು ಮಾತ್ರೆ ನುಂಗುವುದು. ಈ ಸುಳಿಗೆ ಸಿಕ್ಕಿದವರು ಕಡಿಮೆಯೇನಿಲ್ಲ.

ನಿಧಾನವಾಗಿ ಬಿಡುಗಡೆಯಾಗುವಂತೆ ಮಾಡಿದ ದೊಡ್ಡ ಮಾತ್ರೆಗಳು ಜಠರದಲ್ಲೇ ಕುಳಿತುಬಿಡಬಹುದು. ಅದೇ ಔಷಧ ದ್ರವರೂಪದಲ್ಲಿ ಸಿಗುತ್ತದೆಯೇ ಎಂದು ಕೇಳಿ. ಅಂಥ ಮಾತ್ರೆಯನ್ನು ಮನೆಯಲ್ಲಿ ಪುಡಿ ಮಾಡಿ ನುಂಗಬೇಡಿ, ಇಡೀ ದಿನದ ಔಷಧ ಒಮ್ಮೆಲೇ ಮೈಗೆ ಸೇರುತ್ತದೆ.

ಮೂರನೆಯ ಹೆಜ್ಜೆ: ಊಟವನ್ನು ಹೊರಗೇ ಅರೆಯಿರಿ

ಸಾಮಾನ್ಯರಿಗೆ ಒಳ್ಳೆಯದೆಂದು ಹೇಳುವ ಹಸಿ ತರಕಾರಿ, ಸಿಪ್ಪೆ ಸಮೇತ ಹಣ್ಣು, ತೌಡು ತೆಗೆಯದ ಧಾನ್ಯ, ಮೊಳಕೆ ಕಾಳು ಇಲ್ಲಿ ಹೊರೆ. ಆರೋಗ್ಯದ ಆಸೆಗೆ ಇವನ್ನೇ ಹೆಚ್ಚಿಸಿಕೊಂಡು ಸೋತವರು ಬಹಳ ಮಂದಿ. ಗುಡಿಸುವ ಅಲೆ ಇಲ್ಲದ ಜಠರದಲ್ಲಿ ನಾರು ಸೇರಿ ಸೇರಿ ಬೆಜೋವರ್ ಎಂಬ ಗಟ್ಟಿ ಉಂಡೆ ಕಟ್ಟಬಹುದು. ಕಿತ್ತಳೆ ತೊಳೆಯ ಪೊರೆ, ತೆಂಗಿನಕಾಯಿ, ಅಂಜೂರ, ಹುರುಳಿಕಾಯಿಯ ನಾರು, ಆಲೂಗಡ್ಡೆ ಸಿಪ್ಪೆ, ಪರ್ಸಿಮನ್ ಹಣ್ಣು ಇದಕ್ಕೆ ಹೆಸರಾದವು. ಮಲಬದ್ಧತೆಗೆಂದು ನೀವಾಗಿ ಇಸಬ್ಗೋಲ್ ತೆಗೆದುಕೊಳ್ಳುವುದೂ ಇದೇ ಕಾರಣಕ್ಕೆ ಬೇಡ. ಹಾಗೆಂದು ಮಲಬದ್ಧತೆಯನ್ನು ಸುಮ್ಮನೆ ಬಿಡುವಂತಿಲ್ಲ. ದೊಡ್ಡಕರುಳು ಕಟ್ಟಿಕೊಂಡರೆ ಜಠರ ಮತ್ತಷ್ಟು ತಡೆಯುತ್ತದೆ. ಪಾಲಿಎಥಿಲೀನ್ ಗ್ಲೈಕಾಲ್‌ನಂಥ, ನೀರಲ್ಲಿ ಕರಗುವ ಔಷಧದ ಬಗ್ಗೆ ವೈದ್ಯರನ್ನು ಕೇಳಿ.

ತರಕಾರಿ ಅರೆಯುವ ಕ್ರಮ ಹೀಗೆ.

1. ಕ್ಯಾರೆಟ್, ಕುಂಬಳ, ಬೀಟ್‌ರೂಟ್‌ನಂಥ ನಾರು ಕಡಿಮೆಯಿರುವ 150 ಗ್ರಾಂ ತರಕಾರಿ ತೆಗೆದುಕೊಳ್ಳಿ. ಸಿಪ್ಪೆ, ಬೀಜ, ನಡುವಿನ ತೊಟ್ಟು ಪೂರ್ತಿ ತೆಗೆದು 1 ಸೆಂ.ಮೀ. ಹೋಳು ಮಾಡಿ.

2. ಚಮಚದ ಬೆನ್ನಿನಿಂದ ಒತ್ತಿದರೆ ಹಿಟ್ಟಾಗುವಷ್ಟು ಬೇಯಿಸಿ. ಚಾಕು ಸಲೀಸಾಗಿ ಇಳಿಯಿತೆಂದು ಒಲೆ ಆರಿಸಬೇಡಿ, ಇನ್ನೂ ಹತ್ತು ನಿಮಿಷ ಬೇಕಾಗುತ್ತದೆ.

3. ಬಿಸಿ ಆರಿದ ಮೇಲೆ ಮಿಕ್ಸಿಗೆ ಹಾಕಿ. ಬಿಸಿಬಿಸಿ ಹಾಕಿದರೆ ಹಬೆ ಮುಚ್ಚಳವನ್ನು ಹಾರಿಸುತ್ತದೆ. ಮೊದಲು 2 ಚಮಚ ದ್ರವ ಮಾತ್ರ ಸೇರಿಸಿ ಪೂರ್ತಿ 2 ನಿಮಿಷ ಅರೆಯಿರಿ. ಶುರುವಿಗೇ ಹೆಚ್ಚು ನೀರು ಸುರಿದರೆ ತುಣುಕುಗಳು ನೀರಲ್ಲಿ ಸುತ್ತಿ ಸುತ್ತಿ ಬ್ಲೇಡಿಗೆ ಸಿಗದೆ ತಪ್ಪಿಸಿಕೊಳ್ಳುತ್ತವೆ.

4. ಆಮೇಲೆ ತೆಳುವಾಗಿಸಿ. ಕೊಬ್ಬು ತೆಗೆದ ಹಾಲು ಅಥವಾ ತಿಳಿ ಸಾರು ಬಳಸಿ. ಬರೀ ನೀರು ಹಾಕಿದರೆ ಜಠರದ ಅಷ್ಟು ಜಾಗ ಪೋಷಣೆಯಿಲ್ಲದೆ ತುಂಬುತ್ತದೆ.

5. ಟೀ ಸೋಸುವ ಜರಡಿಯಷ್ಟು ಸಣ್ಣ ಕಣ್ಣಿನ ಜರಡಿಯಲ್ಲಿ ಚಮಚದಿಂದ ಒತ್ತಿ ಸೋಸಿ.

ಜರಡಿಯನ್ನು ತಿರುಗಿಸಿ ನೋಡಿ. ನುಣ್ಣಗಾಗಿದೆ ಅಂದುಕೊಂಡ ತರಕಾರಿಯಿಂದಲೂ ಒಂದು ಚಮಚದಷ್ಟು ನಾರು, ಸಿಪ್ಪೆಯ ಚೂರು ಅಲ್ಲಿ ಅಂಟಿಕೊಂಡಿರುತ್ತದೆ. ನಿಮ್ಮ ಹೊಟ್ಟೆಯಲ್ಲಿ ಉಳಿದುಬಿಡುತ್ತಿದ್ದದ್ದು ಅದೇ.

ಎಲ್ಲವನ್ನೂ ಮಿಕ್ಸಿಗೆ ಹಾಕಬೇಡಿ. ಆಲೂಗಡ್ಡೆಯನ್ನು ಮಿಕ್ಸಿಯಲ್ಲಿ ತಿರುಗಿಸಿದರೆ ಪಿಷ್ಟ ಬಿಟ್ಟುಕೊಂಡು ಅಂಟಿನಂತಾಗುತ್ತದೆ. ಅದನ್ನು ಬೇಯಿಸಿ ಜರಡಿಯಲ್ಲೇ ಒತ್ತಿ, ಬಿಸಿ ಹಾಲು ಸೇರಿಸಿ. ಅನ್ನದ ಗಂಜಿ ಆರಿದಂತೆ ಗಟ್ಟಿಯಾಗುತ್ತದೆ, ಬಡಿಸುವಾಗ ಮತ್ತೆ ತೆಳು ಮಾಡಬೇಕು. ಕೋಳಿಮಾಂಸ ಎಳೆಎಳೆಯಾಗಿ ಉಳಿಯುವ ಪದಾರ್ಥ. ಬೇಯಿಸಿದ್ದನ್ನು ಎಳೆಗೆ ಅಡ್ಡವಾಗಿ ಸಣ್ಣಗೆ ಕತ್ತರಿಸಿ, ಸಾರಿನ ಜೊತೆ ಅರೆಯಿರಿ. ಮೀನು, ಮೆತ್ತಗೆ ಕದಡಿ ಬೇಯಿಸಿದ ಮೊಟ್ಟೆ, ಮೊಸರು ಕೋಳಿಮಾಂಸಕ್ಕಿಂತ ಸುಲಭ.

ಎಲ್ಲರಿಗೂ ಎಲ್ಲ ಹೊತ್ತೂ ಅರೆದದ್ದೇ ಬೇಕೆಂದಿಲ್ಲ. ಲಕ್ಷಣ ಹಗುರವಾಗಿದ್ದರೆ ಫೋರ್ಕ್ ಪರೀಕ್ಷೆ ಸಾಕು: ತಟ್ಟೆಯಲ್ಲಿರುವುದನ್ನು ಫೋರ್ಕಿನಿಂದ ಒತ್ತಿದಾಗ ಬೆಂದ ಆಲೂಗಡ್ಡೆಯ ಹಾಗೆ ಹಿಸುಕಿ ಹೋದರೆ ತಿನ್ನಬಹುದು, ಹೋಳಾಗಿಯೇ ಉಳಿದರೆ ಬೇಡ. ಸಕ್ಕರೆ ಕಾಯಿಲೆಯಿಂದ ಗ್ಯಾಸ್ಟ್ರೋಪರೇಸಿಸ್ ಬಂದವರ ಮೇಲೆ ನಡೆಸಿದ ಅಧ್ಯಯನದಲ್ಲಿ ಹೀಗೆ ಸಣ್ಣ ಕಣದ ಆಹಾರ ತಿಂದವರಿಗೆ ವಾಕರಿಕೆ, ವಾಂತಿ, ಉಬ್ಬರ ಕಡಿಮೆಯಾದದ್ದು ಕಂಡುಬಂದಿದೆ.

ಅಳತೆ, ಹೊತ್ತು, ಕೊಬ್ಬು

ಒಂದು ಸಲಕ್ಕೆ 200ರಿಂದ 250 ಮಿ.ಲೀ., ಅಂದರೆ ಒಂದು ಕಪ್ ಮೀರದಂತೆ, ದಿನಕ್ಕೆ 5–6 ಸಲ. ಹಸಿವಾಗಲಿ ಎಂದು ಕಾಯಬೇಡಿ, ಹಸಿವು ಬರದೇ ಇರಬಹುದು. ಗಡಿಯಾರ ನೋಡಿ ತಿನ್ನಿ. ಊಟದ ಜೊತೆ ಅರ್ಧ ಲೋಟಕ್ಕಿಂತ ಹೆಚ್ಚು ನೀರು ಬೇಡ, ಉಳಿದದ್ದನ್ನು ಎರಡು ಊಟಗಳ ನಡುವೆ ಗುಟುಕು ಗುಟುಕಾಗಿ ಕುಡಿಯಿರಿ. ಬೆಳಿಗ್ಗೆ ಜಠರ ಸ್ವಲ್ಪ ಹಗುರಾಗಿರುವುದರಿಂದ ಗಟ್ಟಿ ಆಹಾರವನ್ನು ಬೆಳಿಗ್ಗೆಗೆ ಇಟ್ಟುಕೊಂಡು, ಸಂಜೆಯಾದಂತೆ ದ್ರವಕ್ಕೆ ಇಳಿಯುವುದು ಬಹಳ ಜನರಿಗೆ ಹೊಂದುತ್ತದೆ.

ಕೊಬ್ಬು ಜಠರದ ಬಾಗಿಲನ್ನು ತಡೆದು ನಿಲ್ಲಿಸುತ್ತದೆ. ದಿನಕ್ಕೆ 40 ಗ್ರಾಂ ಒಳಗೆ ಶುರು ಮಾಡಿ. ಒಂದು ಟೀ ಚಮಚ ಎಣ್ಣೆಯಲ್ಲಿ ಸುಮಾರು 5 ಗ್ರಾಂ ಕೊಬ್ಬಿದೆ ಎಂಬುದು ನೆನಪಿದ್ದರೆ ಲೆಕ್ಕ ಸುಲಭ. ಕರಿದದ್ದು ಪೂರ್ತಿ ಬಿಡಿ. ಆದರೆ ತೂಕ ಇಳಿಯುತ್ತಿರುವವರು ಕೊಬ್ಬನ್ನು ಕುರುಡಾಗಿ ಕಡಿತ ಮಾಡಬಾರದು. ಹಾಲು, ಪೌಷ್ಟಿಕ ಪಾನೀಯದಂಥ ದ್ರವದಲ್ಲಿ ಬೆರೆತ ಕೊಬ್ಬನ್ನು ಎಷ್ಟೋ ಜನ ತಾಳಿಕೊಳ್ಳುತ್ತಾರೆ. ಒಂದು ಸಲ ಒಂದು ಚಮಚ ಸೇರಿಸಿ ನೋಡಿ.

60 ಕೆ.ಜಿ. ತೂಕದವರಿಗೆ ದಿನಕ್ಕೆ ಸುಮಾರು 1500ರಿಂದ 1800 ಕ್ಯಾಲೊರಿ ಬೇಕು. ಆರು ಕಪ್ಪಿಗೆ ಹಂಚಿದರೆ ಕಪ್ಪಿಗೆ 250–300. ತೆಳು ಸಾರಿನಲ್ಲಿ ಇದರ ಹತ್ತನೇ ಒಂದು ಭಾಗವೂ ಇರುವುದಿಲ್ಲ. ಸಾರು ಕುಡಿದು ಹೊಟ್ಟೆ ತುಂಬಿಸಿಕೊಂಡು ಎರಡೇ ತಿಂಗಳಲ್ಲಿ ಸೊರಗುವುದು ಹೀಗೆ. 200 ಗ್ರಾಂ ಕೊಬ್ಬು ಕಡಿಮೆಯ ಮೊಸರು, ಅರ್ಧ ಮಾಗಿದ ಬಾಳೆಹಣ್ಣು, 2 ದೊಡ್ಡ ಚಮಚ ಕೆನೆರಹಿತ ಹಾಲಿನ ಪುಡಿ ಸೇರಿಸಿ ಅರೆದರೆ ಸುಮಾರು 220 ಕ್ಯಾಲೊರಿ, 14 ಗ್ರಾಂ ಆಸುಪಾಸು ಪ್ರೊಟೀನ್ ಒಂದೇ ಕಪ್ಪಿನಲ್ಲಿ ಸಿಗುತ್ತದೆ. ವಾರಕ್ಕೊಮ್ಮೆ ಒಂದೇ ಹೊತ್ತಿಗೆ ತೂಕ ನೋಡಿ ಬರೆದಿಡಿ. 3ರಿಂದ 6 ತಿಂಗಳಲ್ಲಿ ಶೇ. 5–10ರಷ್ಟು ಇಳಿದರೆ ಊಟದ ಉಪಾಯ ಸಾಲದು, ಬೇರೆ ದಾರಿಯಲ್ಲಿ ಪೋಷಣೆ ಕೊಡುವ ಮಾತು ಆಗಲೇಬೇಕು. ಕಬ್ಬಿಣ, ಬಿ12, ವಿಟಮಿನ್ ಡಿ ಪರೀಕ್ಷೆಯನ್ನೂ ಮಾಡಿಸಿ.

ಉಂಡ ಮೇಲೆ ಎರಡು ಗಂಟೆ ಮಲಗಬೇಡಿ. ಹತ್ತಿಪ್ಪತ್ತು ನಿಮಿಷ ನಿಧಾನ ನಡೆದರೆ ಜಠರಕ್ಕೂ ಸಕ್ಕರೆಗೂ ಒಳ್ಳೆಯದು. ರಾತ್ರಿಯ ಕೊನೆಯ ಕಪ್ಪಿಗೂ ಮಲಗುವುದಕ್ಕೂ ಮೂರು ಗಂಟೆ ಅಂತರ ಇರಲಿ. ಮಂಚದ ತಲೆಭಾಗವನ್ನು 15–20 ಸೆಂ.ಮೀ. ಎತ್ತರಿಸಿ. ದಿಂಬು ಪೇರಿಸಿದರೆ ಹೊಟ್ಟೆ ಮಡಚಿಕೊಂಡು ಒತ್ತಡ ಹೆಚ್ಚುತ್ತದೆ, ಅದು ಸಲ್ಲದು. ಸೋಡಾ, ಮದ್ಯ, ಸಿಗರೇಟು, ಸೊಂಟಕ್ಕೆ ಬಿಗಿಯಾದ ಬಟ್ಟೆ ಬೇಡ.

ಏನು ಹೊಂದುತ್ತದೆ ಎಂಬುದು ತಿಳಿಯಬೇಕಾದರೆ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮೂರು ದಿನ ನೋಡಿ. ಹೊತ್ತು, ತಿಂದದ್ದು, ಅಳತೆ, ಎರಡು ಗಂಟೆಯ ನಂತರದ ವಾಕರಿಕೆಗೆ ಸೊನ್ನೆಯಿಂದ ಐದರೊಳಗೆ ಒಂದು ಅಂಕ, ಮಲ ಹೋಯಿತೇ ಇಲ್ಲವೇ. ಇಷ್ಟು ಬರೆದರೆ ಸಾಕು. ನಿನ್ನೆಯ ಊಟ ಇನ್ನೂ ಹೊಟ್ಟೆಯಲ್ಲೇ ಇರಬಹುದಾದ್ದರಿಂದ ಇವತ್ತಿನ ಸಂಕಟಕ್ಕೆ ಇವತ್ತು ತಿಂದದ್ದನ್ನೇ ದೂರಬೇಡಿ.

ಹೊಟ್ಟೆ ಕೆಟ್ಟ ದಿನ

ವಾಂತಿ ಹೆಚ್ಚಾದ ದಿನ ಗಟ್ಟಿ ಆಹಾರ ನಿಲ್ಲಿಸಿ. 15 ನಿಮಿಷಕ್ಕೊಮ್ಮೆ 30 ಮಿ.ಲೀ., ಅಂದರೆ ಎರಡು ದೊಡ್ಡ ಚಮಚ ದ್ರವ ಕುಡಿಯಿರಿ. ಬಾಯಾರಿತೆಂದು ಲೋಟ ಎತ್ತಿದರೆ ಅಷ್ಟೂ ಹೊರಗೆ ಬರುತ್ತದೆ. ಒಆರ್‌ಎಸ್ ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ 6 ಸಮತಟ್ಟು ಟೀ ಚಮಚ ಸಕ್ಕರೆ, ಅರ್ಧ ಸಮತಟ್ಟು ಟೀ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಅಪಾಯ, ಕಣ್ಣಳತೆ ಬೇಡ. ಒಂದು ದಿನ ನಿಂತರೆ ತೆಳು ಸೂಪು, ಕೊಬ್ಬು ತೆಗೆದ ಹಾಲು. ಅದೂ ನಿಂತರೆ ಅರೆದ ಊಟ. ಮೊದಲ ಮೆಟ್ಟಿಲಲ್ಲಿ ಮೂರು ದಿನಕ್ಕಿಂತ ಹೆಚ್ಚು ನಿಲ್ಲಬೇಡಿ, ಅದರಲ್ಲಿ ಪೋಷಣೆಯೇ ಇಲ್ಲ.

ವಾಂತಿಯಾದ ಕೂಡಲೇ ಹಲ್ಲುಜ್ಜಬೇಡಿ, ಆಮ್ಲದಿಂದ ಮೆತ್ತಗಾದ ಹಲ್ಲಿನ ಮೇಲ್ಪದರ ಸವೆಯುತ್ತದೆ. ಒಂದು ಕಪ್ ನೀರಿಗೆ ಒಂದು ಟೀ ಚಮಚ ಅಡುಗೆ ಸೋಡಾ ಹಾಕಿ ಬಾಯಿ ಮುಕ್ಕಳಿಸಿ, ಅರ್ಧ ಗಂಟೆ ಬಿಟ್ಟು ಉಜ್ಜಿ.

24 ಗಂಟೆಯಿಂದ ಗುಟುಕು ನೀರೂ ನಿಲ್ಲದಿದ್ದರೆ, 8 ಗಂಟೆ ಮೂತ್ರವೇ ಆಗದಿದ್ದರೆ, ವಾಂತಿಯಲ್ಲಿ ರಕ್ತ ಅಥವಾ ಕಾಫಿ ಚರಟದಂಥದ್ದು ಕಂಡರೆ, ಎದ್ದರೆ ಕಣ್ಣು ಕತ್ತಲಿಟ್ಟರೆ, ಹಿಂದೆಂದೂ ಇಲ್ಲದ ತೀವ್ರ ನೋವು ಬಂದು ಗಾಳಿಯೂ ಹೋಗದಿದ್ದರೆ ಮನೆಯಲ್ಲಿ ಕಾಯದೆ ಆಸ್ಪತ್ರೆಗೆ ಹೋಗಿ.

ಸಕ್ಕರೆ ಕಾಯಿಲೆಯೂ ಇದ್ದರೆ

ಇಲ್ಲಿ ಎರಡು ಕಾಯಿಲೆ ಒಂದನ್ನೊಂದು ಕೆಣಕುತ್ತವೆ. ಸಕ್ಕರೆ ಏರಿದರೆ ಜಠರ ನಿಧಾನವಾಗುತ್ತದೆ. ಜಠರ ನಿಧಾನವಾದರೆ ಸಕ್ಕರೆ ಯಾವಾಗ ಏರುತ್ತದೆಂಬುದೇ ತಿಳಿಯುವುದಿಲ್ಲ. ಊಟಕ್ಕೆ ಮೊದಲು ಚುಚ್ಚಿಕೊಂಡ ಇನ್ಸುಲಿನ್ ಒಂದು ಗಂಟೆಯಲ್ಲಿ ಕೆಲಸ ಮಾಡುತ್ತಿರುವಾಗ ಊಟ ಇನ್ನೂ ಜಠರದಲ್ಲೇ ಕುಳಿತಿರುತ್ತದೆ, ಸಕ್ಕರೆ ಕುಸಿಯುತ್ತದೆ. ನಾಲ್ಕು ಗಂಟೆಯ ಮೇಲೆ ಊಟ ಕರುಳಿಗೆ ಇಳಿದಾಗ ಇನ್ಸುಲಿನ್ ಮುಗಿದಿರುತ್ತದೆ, ಸಕ್ಕರೆ ಮೇಲೇರುತ್ತದೆ. ಉಂಡ ಕೂಡಲೇ ಕುಸಿದು ತಡವಾಗಿ ಏರುವ ಈ ನಡೆ ಕಂಡರೆ ಅಂಕಿಗಳನ್ನು ಬರೆದು ವೈದ್ಯರಿಗೆ ತೋರಿಸಿ. ಚುಚ್ಚುವ ಹೊತ್ತನ್ನು ಊಟದ ನಂತರಕ್ಕೆ ಸರಿಸುವುದು ಅಥವಾ ಪ್ರಮಾಣವನ್ನು ಭಾಗ ಮಾಡಿ ಕೊಡುವುದು ಅವರು ನಿರ್ಧರಿಸಬೇಕಾದ ಸಂಗತಿ. ಸಕ್ಕರೆಯನ್ನು ನಿರಂತರ ಅಳೆಯುವ ಸೆನ್ಸರ್ ಇಂಥವರಿಗೆ ದೊಡ್ಡ ಆಸರೆ.

ಸಕ್ಕರೆ 70ಕ್ಕಿಂತ ಇಳಿದರೆ ಬಿಸ್ಕತ್ತು, ಚಾಕೊಲೇಟ್ ತಿನ್ನಬೇಡಿ, ಅವು ಬೇಗ ಕರುಳಿಗೆ ತಲುಪುವುದಿಲ್ಲ. 15 ಗ್ರಾಂ ಗ್ಲೂಕೋಸ್ ಪುಡಿಯನ್ನು ಸ್ವಲ್ಪ ನೀರಿನಲ್ಲಿ ಕದಡಿ ಕುಡಿದು 15 ನಿಮಿಷಕ್ಕೆ ಮತ್ತೆ ನೋಡಿ. ಕುಡಿದದ್ದೂ ನಿಲ್ಲದಷ್ಟು ವಾಂತಿ ಆಗುವವರು ಸಕ್ಕರೆಯನ್ನು ಬೇಗ ಏರಿಸುವ ಗ್ಲುಕಗಾನ್ ಔಷಧ ಮನೆಯಲ್ಲಿರಬೇಕೇ ಎಂದು ವೈದ್ಯರ ಜೊತೆ ಮಾತಾಡಿ, ಬಳಸುವುದನ್ನು ಮನೆಯವರಿಗೂ ಕಲಿಸಿ. ಟೈಪ್ 1 ಇರುವವರು ತಿನ್ನಲಾಗದ ದಿನವೂ ದೀರ್ಘಾವಧಿ ಇನ್ಸುಲಿನ್ ನಿಲ್ಲಿಸಬಾರದು, ಇನ್ಸುಲಿನ್ ಸಾಲದಾಗ ರಕ್ತದಲ್ಲಿ ಸೇರುವ ಕೀಟೋನ್ ಎಂಬ ಆಮ್ಲದ ಪರೀಕ್ಷೆ ಮಾಡಬೇಕು.

ಔಷಧಗಳಿಂದ ಏನು ಸಿಗುತ್ತದೆ

ಜಠರವನ್ನು ಚುರುಕು ಮಾಡುವ ಮೆಟೊಕ್ಲೊಪ್ರಮೈಡ್ 5ರಿಂದ 10 ಮಿ.ಗ್ರಾಂ. ಅನ್ನು ಊಟಕ್ಕೆ ಅರ್ಧ ಗಂಟೆ ಮೊದಲು ಕೊಡುವುದು ರೂಢಿ. ಊಟದ ಜೊತೆಗೋ ಆಮೇಲೋ ನುಂಗಿದರೆ ಉಪಯೋಗ ಕಡಿಮೆ. ತುಟಿ, ನಾಲಿಗೆ, ದವಡೆ ತಾನಾಗಿ ಆಡತೊಡಗುವ, ಕೆಲವೊಮ್ಮೆ ವಾಸಿಯೇ ಆಗದ ತೊಂದರೆ ಇದರಿಂದ ಬರಬಹುದು. ಈ ಕಾರಣಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2009ರಲ್ಲಿ ಅತಿ ಕಠಿಣ ಎಚ್ಚರಿಕೆ ಹೊರಡಿಸಿತು, 12 ವಾರ ಮೀರಿ ಕೊಡಬಾರದು ಎಂಬುದು ಅಲ್ಲಿನ ಸೂಚನೆ. ಕೂತಲ್ಲಿ ಕೂರಲಾಗದ ಚಡಪಡಿಕೆ ಅಥವಾ ಮುಖದಲ್ಲಿ ಸಣ್ಣ ಚಲನೆ ಕಂಡರೂ ಆ ದಿನವೇ ವೈದ್ಯರಿಗೆ ಹೇಳಿ. ಅದೇ ಕೆಲಸ ಮಾಡುವ ಡೊಂಪೆರಿಡೋನ್‌ನಲ್ಲಿ ಈ ಭಯ ಕಡಿಮೆ, ಆದರೆ ಹೃದಯದ ಬಡಿತದ ತಾಳ ಕೆಡಬಹುದು. ಮೊದಲು ಇಸಿಜಿ ಮಾಡಿಸದೆ ಶುರು ಮಾಡಬೇಡಿ, ಅಂಗಡಿಯಲ್ಲಿ ಕೇಳಿ ತಂದು ನುಂಗಲೇಬೇಡಿ. ಎರಿಥ್ರೊಮೈಸಿನ್ ಎಂಬ ಪ್ರತಿಜೀವಕ ಸಣ್ಣ ಪ್ರಮಾಣದಲ್ಲಿ ಜಠರವನ್ನು ಬಲವಾಗಿ ಹಿಂಡಿಸುತ್ತದೆ, ಆದರೆ ಕೆಲವೇ ವಾರಗಳಲ್ಲಿ ದೇಹ ಅದಕ್ಕೆ ಒಗ್ಗಿಹೋಗುತ್ತದೆ. ಒಂಡನ್ಸೆಟ್ರಾನ್ ವಾಕರಿಕೆ ತಗ್ಗಿಸುತ್ತದೆ, ಜಠರವನ್ನು ಚುರುಕು ಮಾಡುವುದಿಲ್ಲ, ಮಲಬದ್ಧತೆ ತರುತ್ತದೆ.

ಊಟ, ಔಷಧ ಎರಡಕ್ಕೂ ಬಗ್ಗದವರಿಗೆ ಕರುಳಿಗೆ ನೇರ ನಳಿಕೆ ಹಾಕಿ ಆಹಾರ ಕೊಡುವುದಿದೆ. ಜಠರಕ್ಕೆ ವಿದ್ಯುತ್ ಮಿಡಿತ ಕೊಡುವ ಸಾಧನವಿದೆ. ಎಂಡೋಸ್ಕೋಪಿ ಮೂಲಕವೇ ಪೈಲೋರಸ್ ಸ್ನಾಯುವನ್ನು ಕತ್ತರಿಸುವ ಜಿ-ಪೋಯಂ 2013ರಿಂದ ಬಳಕೆಯಲ್ಲಿದೆ. ಇವು ಅನುಭವವಿರುವ ಕೇಂದ್ರದಲ್ಲಿ, ಸ್ಕ್ಯಾನ್ ವರದಿ ಕೈಯಲ್ಲಿಟ್ಟುಕೊಂಡು ತೀರ್ಮಾನಿಸುವ ವಿಚಾರ.

ಬೇರೆ ಯಾವ ಕಾರಣಕ್ಕೇ ಆಗಲಿ ಶಸ್ತ್ರಚಿಕಿತ್ಸೆ ಅಥವಾ ಎಂಡೋಸ್ಕೋಪಿ ಗೊತ್ತಾದರೆ ಅರಿವಳಿಕೆ ಕೊಡುವ ವೈದ್ಯರಿಗೆ ಕಾಯಿಲೆಯ ಹೆಸರು ಹೇಳಿ, ಕಡತದ ಮೇಲೆ ಬರೆಸಿ. ರಾತ್ರಿಯಿಂದ ಉಪವಾಸ ಇದ್ದರೂ ನಿಮ್ಮ ಜಠರದಲ್ಲಿ ಹಿಂದಿನ ದಿನದ ಊಟ ಉಳಿದಿರಬಹುದು. ಮಂಪರಿನಲ್ಲಿ ಅದು ಮೇಲೆ ಬಂದು ಶ್ವಾಸಕೋಶ ಸೇರಿದರೆ ಪ್ರಾಣಕ್ಕೇ ಕುತ್ತು. ಹಿಂದಿನ ದಿನ ಪೂರ್ತಿ ದ್ರವದಲ್ಲಿರಬೇಕೇ, ಕೊನೆಯ ಗುಟುಕು ಎಷ್ಟು ಹೊತ್ತಿಗೆ ಎಂಬುದನ್ನು ಅವರಿಂದಲೇ ಬರೆಸಿಕೊಂಡು ಬನ್ನಿ.